ರುಚಿ ಇರುವುದು ಮೂಗಿನಲ್ಲಿ!

ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ಕಡೆ ಊಟವಾದ ಮೇಲೆ ಎಲೆ-ಅಡಿಕೆ ಹಾಕುವ ರೂಢಿ ಇದ್ದದ್ದೇ. ಅದರಲ್ಲೂ ಸವಣೂರಿನ ವೀಳ್ಯದೆಲೆ ಹೆಸರುವಾಸಿ. ಒಮ್ಮೆ ಮೂಗು ಹಿಡಿದು ಆ ಎಲೆ ಅಗಿದು ನೋಡಿ. ನಾಲಿಗೆ ಚುರುಗುಟ್ಟೀತು, ಘಮ ಮಾತ್ರ ಇಲ್ಲ! ಮೂಗು ಬಿಟ್ಟಿರೋ, ಘಮ್ ಅಂತ ಬಂತು. ನಾವು ರುಚಿ ಅನ್ನೋದರಲ್ಲಿ ಬಹಳಷ್ಟು ವಾಸನೆಯೇ.

ಬಾಯೊಳಗಿನ ಪರಿಮಳದ ಕಣಗಳು ಗಂಟಲ ಹಿಂಬದಿಯಿಂದ ಮೂಗಿನ ಮೇಲ್ಭಾಗಕ್ಕೆ ಏರುತ್ತವೆ. ಅಲ್ಲಿನ ನರಕೋಶಗಳಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಒಂದೊಂದು ವಾಸನೆಗೂ ಅವುಗಳದೊಂದು ಗುಂಪು ಎಚ್ಚರಗೊಳ್ಳುತ್ತದೆ. ಅದರಿಂದಲೇ ಮಿದುಳು ಇದು ಒಗ್ಗರಣೆ, ಇದು ಮಲ್ಲಿಗೆ ಅಂತ ಗುರುತಿಸುತ್ತದೆ. ಈ ಗ್ರಾಹಕಗಳ ಜೀನ್‌ಗಳನ್ನು 1991ರಲ್ಲಿ ಪತ್ತೆಮಾಡಿದ ಲಿಂಡಾ ಬಕ್, ರಿಚರ್ಡ್ ಆ್ಯಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು.

ವಯಸ್ಸಾದಂತೆ ಮೂಗು ಮಂದವಾಗುತ್ತದೆ. ಕೋವಿಡ್ ಬಂದು ಹೋದವರಲ್ಲೂ ಕೆಲವರಿಗೆ ಹೀಗಾಗಿದೆ. "ಸಾರಿಗೆ ಮೊದ್ಲಿನ ರುಚೀನ ಇಲ್ಲ ನೋಡವಾ" ಅಂತ ಅತ್ತೆ ಅಂದರೆ ಮುನಿಸಿಕೊಳ್ಳಬೇಡಿ. ಕಣ್ಣು ಮುಚ್ಚಿಸಿ ಲವಂಗ, ನಿಂಬೆಹಣ್ಣು ಮೂಸಲು ಕೊಡಿ. ಗುರುತು ಸಿಗದಿದ್ದರೆ ವೈದ್ಯರಿಗೆ ತೋರಿಸಿ.

ಇದು ಬರೀ ರುಚಿಯ ಮಾತಲ್ಲ. ಅಡುಗೆ ಗ್ಯಾಸ್ ಸೋರಿದ್ದು ತಿಳಿಯಲೆಂದೇ ಅದಕ್ಕೆ ಕೆಟ್ಟ ವಾಸನೆ ಬೆರೆಸಿರುತ್ತಾರೆ. ಆ ವಾಸನೆ ಅತ್ತೆಗೆ ಹತ್ತದೆ ಹೋದೀತು. ರಾತ್ರಿ ಸಿಲಿಂಡರಿನ ರೆಗ್ಯುಲೇಟರ್ ನೀವೇ ಬಂದ್ ಮಾಡಿ ಮಲಗಿ.