ಮಗುವಿನ ಮೊಣಕೈ ಓರೆಯಾಗಿದೆಯೇ?

ಆಡುವ ಮಕ್ಕಳು ಬೀಳುವುದು ಸಹಜ. ಸೀಬೆಮರದಿಂದಲೋ, ಜಗಲಿಯಿಂದಲೋ, ಸೈಕಲ್ಲಿನಿಂದಲೋ ಬೀಳುವ ಮಗು ತನ್ನನ್ನು ಕಾಪಾಡಿಕೊಳ್ಳಲು ಕೈಯನ್ನು ಚಾಚಿ ನೆಲಕ್ಕೆ ಊರುತ್ತದೆ. ಆಗ ದೇಹದ ಭಾರವೆಲ್ಲವೂ ನೀಡಿದ ಕೈಯ ಮೇಲೆ ಬಿದ್ದು, ಮೊಣಕೈಗೆ ತುಸು ಮೇಲೆ ತೋಳಿನ ಮೂಳೆ ಮುರಿಯುತ್ತದೆ. ಆ ಸ್ಥಳದಲ್ಲಿ ಮೂಳೆಯು ಚಪ್ಪಟೆಯಾಗಿಯೂ ತೆಳ್ಳಗೂ ಇರುವುದೇ ಇದಕ್ಕೆ ಕಾರಣ. ಮಕ್ಕಳ ಮೊಣಕೈಯ ಬಳಿ ಆಗುವ ಮುರಿತಗಳಲ್ಲಿ ಇದೇ ಅತಿ ಸಾಮಾನ್ಯವಾದುದು. 5ರಿಂದ 7 ವರ್ಷದ ಮಕ್ಕಳಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ.

ಮುರಿದ ತುದಿಗಳನ್ನು ಸರಿಯಾಗಿ ಕೂಡಿಸಿದರೆ ಮೂರು ನಾಲ್ಕು ವಾರಗಳಲ್ಲಿ ಮೂಳೆ ಬೆಸೆದುಕೊಳ್ಳುತ್ತದೆ. ಆದರೆ ಕೆಳಗಿನ ತುಂಡು ಒಳಮಗ್ಗುಲಿಗೆ ವಾಲಿದ್ದಾಗಲೇ ಬೆಸೆದುಕೊಂಡರೆ, ಕೈ ಓರೆಯಾಗಿ ಉಳಿಯುತ್ತದೆ. ಕಟ್ಟು ಬಿಚ್ಚಿದ ದಿನ ಇದು ನಿಮ್ಮ ಕಣ್ಣಿಗೆ ಬೀಳದಿರಬಹುದು. ಆಗ ಮೊಣಕೈ ಬಿಗಿದುಕೊಂಡು ಮಡಿಸಿದಂತೆಯೇ ಇರುತ್ತದೆ. ಕೆಲವು ತಿಂಗಳ ನಂತರ ಕೈಯನ್ನು ಪೂರ್ತಿ ಚಾಚಲು ಬಂದಾಗ ದೋಷವು ಸ್ಪಷ್ಟವಾಗಿ ಕಾಣತೊಡಗುತ್ತದೆ.

ಗುರುತಿಸುವುದು ಹೇಗೆ?

ಮಗುವನ್ನು ನಿಮ್ಮ ಎದುರಿಗೆ ನಿಲ್ಲಿಸಿ, ಎರಡು ಕೈಗಳನ್ನೂ ಇಳಿಬಿಟ್ಟು ಅಂಗೈಗಳನ್ನು ಮುಂದಕ್ಕೆ ತಿರುಗಿಸಲು ಹೇಳಿರಿ. ಸಹಜವಾದ ಕೈಯಲ್ಲಿ ಮೊಣಕೈಯಿಂದ ಕೆಳಭಾಗವು ದೇಹದಿಂದ ಸ್ವಲ್ಪ ಹೊರಕ್ಕೆ, ಸಾಮಾನ್ಯವಾಗಿ 5ರಿಂದ 15 ಡಿಗ್ರಿಗಳಷ್ಟು, ವಾಲಿರುತ್ತದೆ. ನೀರಿನ ಬಕೆಟ್ ಹಿಡಿದು ನಡೆಯುವಾಗ ಅದು ಕಾಲಿಗೆ ತಾಗದಿರಲು ಇದರಿಂದ ಅನುಕೂಲ. ಓರೆಯಾಗಿ ಕೂಡಿದ ಕೈಯಲ್ಲಿ ಈ ಹೊರವಾಲು ಇಲ್ಲವಾಗಿ, ಮುಂಗೈ ದೇಹದ ಕಡೆಗೆ ತಿರುಗಿ, ಕೈಯು ಬಂದೂಕಿನ ಹಿಡಿಯಂತೆ ಕಾಣುತ್ತದೆ. ಎರಡು ಕೈಗಳನ್ನು ಹೋಲಿಸಿದರೆ ಯಾರಿಗಾದರೂ ವ್ಯತ್ಯಾಸ ತಿಳಿಯುತ್ತದೆ.

ಬೆಳೆದಂತೆ ತಾನೇ ಸರಿಹೋಗುವುದೇ?

ಬಹಳ ಮಂದಿ ತಾಯಿತಂದೆಯರು ಹೀಗೆಂದು ನಂಬಿ ಕಾಯುತ್ತಾರೆ. ಎಳೆಯ ಮೂಳೆಗೆ ತನ್ನ ಡೊಂಕನ್ನು ತಾನೇ ತಿದ್ದಿಕೊಳ್ಳುವ ಶಕ್ತಿ ಇರುವುದು ನಿಜ. ಆದರೆ ಈ ಸ್ಥಳದಲ್ಲಿ ಅದು ಮಿತವಾದುದು. ತೋಳಿನ ಮೂಳೆಯು ಉದ್ದ ಬೆಳೆಯುವುದು ಶೇಕಡ 80ರಷ್ಟು ಭುಜದ ಕಡೆಯ ತುದಿಯಿಂದ. ಮೊಣಕೈಯ ಕಡೆಯ ತುದಿಯ ಪಾಲು ಶೇಕಡ 20 ಮಾತ್ರ. ಹಿಂದಕ್ಕೋ ಮುಂದಕ್ಕೋ ಬಾಗಿದ ಮೂಳೆಯು ಎಳೆಯ ಮಗುವಿನಲ್ಲಿ ಒಂದಿಷ್ಟು ಸರಿಹೋಗಬಹುದು. ಪಕ್ಕಕ್ಕೆ ವಾಲಿದ ಮೂಳೆ ತಾನಾಗಿ ನೆಟ್ಟಗಾಗಲಾರದು.

ಎಣ್ಣೆ ಹಚ್ಚಿ ನೀವುವುದರಿಂದಾಗಲಿ, ಕೈಗೆ ಭಾರ ತೂಗುಹಾಕುವುದರಿಂದಾಗಲಿ, ಮತ್ತೆ ದಬ್ಬೆ ಕಟ್ಟಿಸುವುದರಿಂದಾಗಲಿ ಬೆಸೆದ ಮೂಳೆ ಬಾಗುವುದಿಲ್ಲ. ಅಷ್ಟೇ ಅಲ್ಲ, ಗಾಯಗೊಂಡ ಮೊಣಕೈಯನ್ನು ಬಲವಾಗಿ ತಿಕ್ಕಿದರೆ, ಎಳೆದು ನೀಡಿದರೆ, ಸುತ್ತಲಿನ ಮಾಂಸಖಂಡದೊಳಗೆ ಮೂಳೆ ಬೆಳೆದು ಕೀಲು ಶಾಶ್ವತವಾಗಿ ಬಿಗಿದುಕೊಳ್ಳಬಹುದು. ಓರೆಯಾದ ಕೈಯನ್ನು ನೆಟ್ಟಗೆ ಮಾಡಬಹುದು. ಬಿಗಿದ ಕೀಲನ್ನು ಸಡಿಲಿಸುವುದು ಬಲು ಕಷ್ಟ.

ಇದು ಕೇವಲ ಅಂದದ ಪ್ರಶ್ನೆಯೇ?

ಬಹುಕಾಲ ಹಾಗೆಯೇ ತಿಳಿಯಲಾಗಿತ್ತು. ಓರೆಯಾದ ಕೈಯಿಂದ ಮಗು ಬರೆಯುತ್ತದೆ, ಉಣ್ಣುತ್ತದೆ, ಆಡುತ್ತದೆ; ನೋವೂ ಇರುವುದಿಲ್ಲ. ಆದರೆ ಇಂತಹ ಕೈಯಲ್ಲಿ ಅನೇಕ ವರ್ಷಗಳ ನಂತರ ಮೊಣಕೈಯ ಹೊರಮಗ್ಗುಲಿನ ಕಟ್ಟುಗಳು ಸಡಿಲಗೊಂಡು ಕೀಲು ಜಾರುವಂತಾಗಬಹುದೆಂದು 2001ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಕೆಲವರಲ್ಲಿ ಒಳಮಗ್ಗುಲಿನ ನರವು ಒತ್ತಲ್ಪಟ್ಟು ಉಂಗುರಬೆರಳು, ಕಿರುಬೆರಳುಗಳು ಜೋಮು ಹಿಡಿಯಬಹುದು. ಮಗು ಮತ್ತೆ ಬಿದ್ದಾಗ ಮೊಣಕೈಯ ಹೊರಗಂಟು ಮುರಿಯುವ ಸಂಭವವೂ ಹೆಚ್ಚು. ಇವು ಎಲ್ಲರಿಗೂ ಆಗುತ್ತವೆಂದಲ್ಲ. ಓರೆ ಹೆಚ್ಚಿದಷ್ಟೂ ಎಚ್ಚರ ಹೆಚ್ಚಿರಬೇಕು.

ಮಗುವಿನ ಮನಸ್ಸನ್ನೂ ಮರೆಯಬಾರದು. ಓರಗೆಯವರ ಹಾಸ್ಯಕ್ಕೆ ಅಂಜಿ ಸದಾ ತುಂಬುತೋಳಿನ ಅಂಗಿಯನ್ನೇ ತೊಡುವ ಮಕ್ಕಳಿದ್ದಾರೆ. ಸೇನೆಗೆ ಸೇರಬಯಸುವವರ ವೈದ್ಯಕೀಯ ಪರೀಕ್ಷೆಯಲ್ಲಿ ಮೊಣಕೈಯ ಕೋನವನ್ನೂ ನೋಡುತ್ತಾರೆ.

ಶಸ್ತ್ರಚಿಕಿತ್ಸೆ ಯಾವಾಗ?

ಓರೆಯನ್ನು ಕಂಡ ಕೂಡಲೇ ಶಸ್ತ್ರಚಿಕಿತ್ಸೆಗೆ ಅವಸರಪಡಬೇಕಾಗಿಲ್ಲ. ಮುರಿತವಾಗಿ ಸಾಮಾನ್ಯವಾಗಿ ಒಂದು ವರ್ಷವಾದರೂ ಕಳೆಯಬೇಕು. ಅಷ್ಟರಲ್ಲಿ ಮೂಳೆ ಗಟ್ಟಿಯಾಗಿರುತ್ತದೆ, ಕೀಲಿನ ಚಲನೆ ಮರಳಿ ಬಂದಿರುತ್ತದೆ, ದೋಷವೆಷ್ಟೆಂಬುದು ಸ್ಥಿರವಾಗಿ ತಿಳಿಯುತ್ತದೆ. ಆದರೆ ತಜ್ಞರಿಗೆ ತೋರಿಸಲು ಒಂದು ವರ್ಷ ಕಾಯಬೇಡಿರಿ; ಓರೆ ಕಂಡೊಡನೆ ತೋರಿಸಿರಿ. ಓರೆ ದಿನೇ ದಿನೇ ಹೆಚ್ಚುತ್ತಿದ್ದರೆ ಬೆಳವಣಿಗೆಯ ಪದರಕ್ಕೆ ಪೆಟ್ಟಾಗಿರಬಹುದು. ಆಗ ಚಿಕಿತ್ಸೆಯ ಕ್ರಮವೇ ಬೇರೆ.

ಕೈಯು ಹೊರಕ್ಕೆ ಅತಿಯಾಗಿ ವಾಲುವ ಇನ್ನೊಂದು ದೋಷವೂ ಉಂಟು. ಹೊರಗಂಟಿನ ಮುರಿತವು ಕೂಡಿಕೊಳ್ಳದೆ ಉಳಿದಾಗ ಅದು ಬರುತ್ತದೆ. ಅದರಲ್ಲಿ ಕಾಲಕ್ರಮೇಣ ನರವು ಸೆಳೆತಕ್ಕೆ ಸಿಕ್ಕಿ ಬೆರಳುಗಳು ಬಲಗುಂದುವುದರಿಂದ, ತಜ್ಞರ ಸಲಹೆ ಪಡೆಯುವುದು ಇನ್ನೂ ಅವಶ್ಯಕ.

ಶಸ್ತ್ರಚಿಕಿತ್ಸೆಯಲ್ಲಿ ಏನು ಮಾಡುತ್ತಾರೆ?

ಮೊದಲು ಎರಡು ಕೈಗಳ ಎಕ್ಸ್-ರೇ ತೆಗೆದು ಕೋನಗಳನ್ನು ಅಳೆಯುತ್ತಾರೆ. ಪೆಟ್ಟಾದ ಕೈ 20 ಡಿಗ್ರಿ ಒಳಕ್ಕೂ, ಸಹಜವಾದ ಕೈ 10 ಡಿಗ್ರಿ ಹೊರಕ್ಕೂ ವಾಲಿದ್ದರೆ, ಸರಿಪಡಿಸಬೇಕಾದುದು 30 ಡಿಗ್ರಿ. ಮಗುವಿಗೆ ಪೂರ್ಣ ಅರಿವಳಿಕೆ ಕೊಟ್ಟು, ಮೊಣಕೈಗಿಂತ ಮೇಲೆ, ಬೆಳವಣಿಗೆಯ ಪದರಕ್ಕೆ ತಾಗದಂತೆ, ಹೊರಮಗ್ಗುಲಿನಿಂದ ಅಷ್ಟೇ ಅಳತೆಯ ಬೆಣೆಯಾಕಾರದ ಮೂಳೆಯ ಚೂರನ್ನು ತೆಗೆಯುತ್ತಾರೆ. ಒಳಮಗ್ಗುಲಿನ ತೆಳುವಾದ ಪದರವನ್ನು ಬಾಗಿಲಿನ ತಿರುಗಣೆಯಂತೆ ಉಳಿಸಿ, ತೆರವನ್ನು ಮುಚ್ಚಿದರೆ ಕೈ ನೆಟ್ಟಗಾಗುತ್ತದೆ. ಅದು ಕದಲದಂತೆ ಉಕ್ಕಿನ ತಂತಿಗಳಿಂದಲೋ, ಸ್ಕ್ರೂಗಳಿಂದಲೋ, ಪಟ್ಟಿಯಿಂದಲೋ ಬಿಗಿಯುತ್ತಾರೆ. ಎರಡು ಸ್ಕ್ರೂಗಳಿಗೆ ತಂತಿ ಸುತ್ತಿ ಬಿಗಿಯುವ ಕ್ರಮವನ್ನು ಫ್ರೆಂಚ್ ಎಂಬ ಶಸ್ತ್ರವೈದ್ಯರು 1959ರಲ್ಲಿ ವಿವರಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ. ಮೂಳೆಯನ್ನು ಕಮಾನಿನಂತೆ ಕತ್ತರಿಸಿ ತಿರುಗಿಸುವ ಕ್ರಮವೂ ಇದೆ.

ಅನಂತರ ನಾಲ್ಕರಿಂದ ಆರು ವಾರ ಪ್ಲಾಸ್ಟರ್ ಕಟ್ಟು ಇರುತ್ತದೆ. ಕಟ್ಟು ಬಿಚ್ಚಿದ ಮೇಲೆ ಮಗು ತಾನಾಗಿಯೇ ಕೈಯಾಡಿಸಲಿ. ನೀವು ಬಲವಂತದಿಂದ ಮಡಿಸಬಾರದು. ಚಲನೆ ಮರಳಲು ಕೆಲವು ತಿಂಗಳು ಹಿಡಿಯುತ್ತದೆ.

ಎಲ್ಲ ಶಸ್ತ್ರಚಿಕಿತ್ಸೆಗಳಂತೆ ಇದರಲ್ಲಿಯೂ ತೊಂದರೆಗಳುಂಟು. ಗಾಯ ಕೀವಾಗಬಹುದು, ಬಿಗಿತ ಸಡಿಲಿ ಸ್ವಲ್ಪ ಓರೆ ಮರಳಬಹುದು, ಹೊರಮಗ್ಗುಲಿನಲ್ಲಿ ಉಬ್ಬು ಉಳಿಯಬಹುದು, ನರಕ್ಕೆ ಸೆಳೆತವಾಗಿ ಬೆರಳುಗಳು ಕೆಲಕಾಲ ಬಲಗುಂದಬಹುದು. ಈ ಎಲ್ಲವನ್ನೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ವೈದ್ಯರನ್ನು ಕೇಳಿ ತಿಳಿಯುವುದು ನಿಮ್ಮ ಹಕ್ಕು. ಅಲ್ಪ ಓರೆಯಿದ್ದು ಮಗುವಿಗೆ ಯಾವ ಅಡಚಣೆಯೂ ಇಲ್ಲದಿದ್ದರೆ, ಹಾಗೆಯೇ ಬಿಟ್ಟು ನೋಡುತ್ತಿರಿ ಎಂದು ತಜ್ಞರೇ ಹೇಳಬಹುದು.

ಬಾರದಂತೆ ತಡೆಯುವುದು

ಈ ದೋಷವನ್ನು ತಡೆಯುವ ಕಾಲ ಮುರಿತದ ಮೊದಲ ದಿನವೇ. ಮಗು ಬಿದ್ದು ಮೊಣಕೈ ಊದಿದರೆ ಅದನ್ನು ಎಳೆಯಬೇಡಿರಿ, ತಿಕ್ಕಬೇಡಿರಿ. ಬಳೆ, ಉಂಗುರಗಳನ್ನು ತೆಗೆಯಿರಿ. ಕೈ ಇದ್ದ ಸ್ಥಿತಿಯಲ್ಲಿಯೇ ಮಡಿಸಿದ ದಪ್ಪ ಕಾಗದವನ್ನೋ ಹಲಗೆಯನ್ನೋ ಆಸರೆ ಕೊಟ್ಟು, ಬಟ್ಟೆಯಿಂದ ಸಡಿಲವಾಗಿ ಕಟ್ಟಿ, ಎಕ್ಸ್-ರೇ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಅರಿವಳಿಕೆ ಬೇಕಾಗಬಹುದಾದ್ದರಿಂದ ದಾರಿಯಲ್ಲಿ ತಿನ್ನಲು, ಕುಡಿಯಲು ಕೊಡಬಾರದು. ಮೂಳೆ ಬಹಳ ಸರಿದಿದ್ದರೆ ಅದನ್ನು ಕೂಡಿಸಿ, ಚರ್ಮದ ಮೂಲಕ ತಂತಿ ತೂರಿಸಿ ನಿಲ್ಲಿಸುತ್ತಾರೆ. ಹೀಗೆ ಮಾಡಿದಾಗ ಓರೆಯಾಗುವ ಸಂಭವ ಬಹಳ ಕಡಿಮೆ. ಒಂದು ವಾರದ ನಂತರ ಮತ್ತೆ ಎಕ್ಸ್-ರೇಗೆ ಬರಲು ಹೇಳಿದರೆ ತಪ್ಪದೆ ಹೋಗಿರಿ. ಸರಿದ ತುಂಡನ್ನು ಸುಲಭವಾಗಿ ಸರಿಪಡಿಸಲು ಸಾಧ್ಯವಿರುವುದು ಆ ದಿನಗಳಲ್ಲಿಯೇ.

ಬಿಗಿಯಾದ ಕಟ್ಟು ಇದಕ್ಕಿಂತಲೂ ದೊಡ್ಡ ಅಪಾಯ. ರಕ್ತಸಂಚಾರ ನಿಂತರೆ ಕೆಲವೇ ಗಂಟೆಗಳಲ್ಲಿ ಮುಂಗೈಯ ಮಾಂಸಖಂಡ ಸತ್ತು ಬೆರಳುಗಳು ಮುದುಡಿಹೋಗುತ್ತವೆಂದು ಜರ್ಮನಿಯ ಫೋಕ್‌ಮನ್ 1881ರಲ್ಲಿಯೇ ಎಚ್ಚರಿಸಿದ್ದರು. ನಾಟಿ ಕಟ್ಟಾಗಲಿ, ಪ್ಲಾಸ್ಟರ್ ಆಗಲಿ, ನೋವು ಹೆಚ್ಚುತ್ತಿದ್ದರೆ, ಬೆರಳು ನೀಡಿದಾಗ ಮಗು ಚೀರಿದರೆ, ಬೆರಳುಗಳು ತಣ್ಣಗಾಗಿ ಬಿಳಚಿದರೆ ಅಥವಾ ನೀಲಿಯಾದರೆ, ಸ್ಪರ್ಶ ತಿಳಿಯದಿದ್ದರೆ, ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಧಾವಿಸಿರಿ.

ಎಲ್ಲಿಗೆ ಹೋಗಬೇಕು?

ಜಿಲ್ಲಾ ಆಸ್ಪತ್ರೆಯ ಮೂಳೆ ಮತ್ತು ಕೀಲು ತಜ್ಞರನ್ನು ಮೊದಲು ಕಾಣಿರಿ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿಯೂ, ಬೆಂಗಳೂರಿನ ಸಂಜಯ್ ಗಾಂಧಿ ಆಸ್ಪತ್ರೆಯಲ್ಲಿಯೂ ಮೂಳೆ ಚಿಕಿತ್ಸೆಯ ತಜ್ಞರಿದ್ದಾರೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಗೆ ನೆರವು ಉಂಟು. ನಿಮ್ಮ ಮಗುವಿನ ಚಿಕಿತ್ಸೆಗೆ ದೊರೆಯುವ ಸೌಲಭ್ಯವನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸಿರಿ. ಹೋಗುವಾಗ ಹಳೆಯ ಎಕ್ಸ್-ರೇಗಳನ್ನೂ ಚೀಟಿಗಳನ್ನೂ ಜೊತೆಗೆ ಒಯ್ಯಿರಿ.

ಓರೆಯಾದ ಮೊಣಕೈ ಹಣೆಬರಹವಲ್ಲ. ತಿಕ್ಕಿ ಸರಿಪಡಿಸುವಂಥದೂ ಅಲ್ಲ. ತಕ್ಕ ಕಾಲದಲ್ಲಿ, ತಕ್ಕವರ ಕೈಯಲ್ಲಿ ಅದು ನೆಟ್ಟಗಾಗಬಲ್ಲದು.