ನಮ್ಮ ಲೆಕ್ಕ ನಮ್ಮ ಪುಸ್ತಕದಲ್ಲಿ

ನಾವು ಸಂಘದ ಹೆಣ್ಣುಮಕ್ಕಳು. ಲಂಗ, ರವಿಕೆ, ಮಕ್ಕಳ ಅಂಗಿ ಹೊಲಿದು ಮಾರುತ್ತೇವೆ. ಹೊಲಿಯೋಕೆ ಬಟ್ಟೆ, ದಾರ, ಗುಂಡಿ ಬೇಕು. ಪೇಟೆ ಅಂಗಡಿಯಿಂದ ತರುತ್ತೇವೆ.

ದಿನಕ್ಕೊಂದು ಅಂಗಡಿ ಸುತ್ತಿದರೆ ಒಂದೆರಡು ರೂಪಾಯಿ ಉಳಿಯಬಹುದು. ಆದರೆ ಅದೇ ಬಣ್ಣದ ಬಟ್ಟೆ ಮತ್ತೆ ಸಿಗೋದು ಕಷ್ಟ. ಹಬ್ಬದ ಹೊತ್ತಿಗೆ ಗುರುತಿಲ್ಲದವರಿಗೆ ಯಾರು ಸಾಲ ಕೊಡ್ತಾರೆ? ಒಂದೇ ಕಡೆ ವರ್ಷಗಟ್ಟಲೆ ವ್ಯಾಪಾರ ಮಾಡಿದರೆ ನಂಬಿಕೆ ಬೆಳೆಯುತ್ತದೆ. ನಂಬಿಕೆ ಉಳಿಯಲು ಬರೆದಿಡಬೇಕು.

ಮೊದಲು ಅಳತೆ. ಗಜ ಬೇರೆ, ಮೀಟರ್ ಬೇರೆ. 1 ಗಜ ಅಂದರೆ ಸುಮಾರು 91 ಸೆಂಟಿಮೀಟರ್. 1 ಮೀಟರ್ ಅಂದರೆ 100 ಸೆಂಟಿಮೀಟರ್. 100 ಮೀಟರಿಗೆ ಹಣ ಕೊಟ್ಟು 100 ಗಜ ತಂದರೆ 8 ಮೀಟರಿಗೂ ಹೆಚ್ಚು ನಷ್ಟ. ಲಂಗಕ್ಕೆ 2 ಮೀಟರ್ ಹಿಡಿದರೆ 4 ಲಂಗದ ಬಟ್ಟೆ ಹೋಯಿತು!

ಆಮೇಲೆ ಮಾದರಿ. ಒಪ್ಪಿದ ಬಟ್ಟೆಯ ಒಂದು ತುಂಡನ್ನು ಪುಸ್ತಕಕ್ಕೆ ಅಂಟಿಸೋಣ. ಇನ್ನೊಂದು ತುಂಡನ್ನು ಅಳೆದು, ಒಗೆದು, ಒಣಗಿಸಿ, ಮತ್ತೆ ಅಳೆಯೋಣ. ಹತ್ತಿ ಬಟ್ಟೆ ಒಗೆದಾಗ ಕುಗ್ಗುತ್ತದೆ. ಎಷ್ಟು ಕುಗ್ಗಿತು? ಬಣ್ಣ ಬಿಟ್ಟಿತಾ? ಕತ್ತರಿ ಹಾಕುವ ಮೊದಲೇ ತೋರಿಸಿದರೆ ಬದಲಿ ಕೇಳಬಹುದು. ಕತ್ತರಿ ಹಾಕಿದ ಮೇಲೆ ಯಾರು ಕೇಳ್ತಾರೆ?

ಮೂರನೆಯದು ಹಣ. ತಂದ ದಿನ, ಮೀಟರ್, ದರ, ಕೊಟ್ಟ ಹಣ, ಬಾಕಿ, ಐದನ್ನೂ ಬರೆಯೋಣ. ಬಿಲ್ಲು ಕೇಳೋಣ. ಓದದೆ ಸಹಿ ಹಾಕೋದು ಬೇಡ. ಹೇಳಿದ ದಿನ ಬಾಕಿ ಕಟ್ಟೋಣ. ಹಣ ಕೂಡದಿದ್ದರೆ ಮುಂಚೆಯೇ ಹೋಗಿ ಹೇಳೋಣ. ಮುಖ ತಪ್ಪಿಸಿ ತಿರುಗೋದು ಬೇಡ.

ಹಿಂದೆ ಅಂಗಡಿಯವರ ಪುಸ್ತಕ ಒಂದೇ ಇತ್ತು. ಅದರಲ್ಲಿ ಬರೆದದ್ದೇ ಬಾಕಿ. ನಾವು ಹೆಬ್ಬೆಟ್ಟು ಒತ್ತುತ್ತಿದ್ದೆವು. ಈಗ ನಮ್ಮದೂ ಒಂದು ಪುಸ್ತಕ ಇದೆ. ತಿಂಗಳಿಗೊಮ್ಮೆ ಎರಡನ್ನೂ ಜೋಡಿಸಿ ಓದೋಣ. ಲೆಕ್ಕ ಕೂಡಿದರೆ ಮನಸ್ಸೂ ಕೂಡುತ್ತದೆ.