ಪಟ್ಟಿ ಓಡಿಸುತ್ತಿದ್ದ ಮನೆ

ಲೋಂಡಾದ ರೈಲ್ವೆ ಕಾಲೊನಿಯ ಹಿಂದಿನ ಓಣಿಯಲ್ಲಿ ಒಂದು ಹೆಂಚಿನ ಮನೆ. ಅದರ ಪಡಸಾಲೆಯಲ್ಲಿ ಹಳೆಯ ಕಂಪ್ಯೂಟರ್ ಒಂದಿದೆ. ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿ, ಪಕ್ಕಕ್ಕೆ ಊದುಬತ್ತಿ ಸ್ಟ್ಯಾಂಡ್ ಇಟ್ಟಿದ್ದಾರೆ. ಇದ್ದಷ್ಟು ದಿನ ಅದು ಮಾಡಿದ್ದು ಒಂದೇ ಕೆಲಸ, ಟಿವಿ ಪರದೆಯ ಬುಡದಲ್ಲಿ ಒಂದು ಸಾಲು ಓಡಿಸುವುದು. ಬೆಂಗಳೂರಿನ ಚಾನೆಲ್ಲಿನವರು ಅದನ್ನು ಸ್ಕ್ರೋಲ್ ಅನ್ನುತ್ತಾರೆ. ಇಲ್ಲಿ ಅದು ಪಟ್ಟಿ.

ನಾನು ಬಂದದ್ದು ಈ ಪಟ್ಟಿಯ ಕಥೆ ಕೇಳಲು. ಲೋಕಲ್ ಟಿವಿ ಹೇಗೆ ಬದಲಾಯಿತು ಎಂದು ಬರೆಯುವವರು ಸಾಮಾನ್ಯವಾಗಿ ಬೆಳಗಾವಿಯ ಸ್ಟುಡಿಯೋಕ್ಕೆ ಹೋಗುತ್ತಾರೆ. ಅಲ್ಲಿಂದ ಸುಮಾರು ಐವತ್ತು ಕಿಲೋಮೀಟರ್ ದೂರದ ಈ ಜಂಕ್ಷನ್ನಿಗೆ ಬರುವವರು ಕಡಿಮೆ. ಬಂದರೂ ಗೋವಾಕ್ಕೆ ಹೋಗುವ ದಾರಿಯಲ್ಲಿ ಒಂದು ವಡಾಪಾವ್ ತಿಂದು ಮುಂದೆ ಹೋಗುವವರೇ.

ಮನೆಯ ಯಜಮಾನರನ್ನು ಊರೆಲ್ಲ ಕೇಬಲ್ ಮಾಮಾ ಎಂದೇ ಕರೆಯುತ್ತದೆ. ನಾನೂ ಹಾಗೇ ಕರೆದೆ. ಹೆಸರು ಹಾಕಬೇಡಿ ಅಂದರು. "ಹೆಸರ ಹಾಕಿದ್ರ ಹಳೇ ಬಾಕಿ ಕೇಳಾಕ ಯಾರರೆ ಬರ್ತಾರ" ಎಂದು ನಕ್ಕರು.

ಮಾಮಾನ ಪಟ್ಟಿಯಲ್ಲಿ ಏನೆಲ್ಲ ಓಡುತ್ತಿತ್ತು? ಎಮ್ಮೆ ಕಳೆದಿದೆ, ಎಡಗೊಂಬು ಮುರಿದಿದೆ. ನಾಳೆ ದಿನವಿಡೀ ಕರೆಂಟ್ ಇರುವುದಿಲ್ಲ. ರೇಷನ್ ಅಂಗಡಿಗೆ ಸೀಮೆಎಣ್ಣೆ ಬಂದಿದೆ. ಘಟ್ಟದಲ್ಲಿ ಮಣ್ಣು ಕುಸಿದು ಗಾಡಿ ಕ್ಯಾಸಲ್‌ರಾಕ್‌ನಲ್ಲೇ ನಿಂತಿದೆ. ಎಲ್ಲಕ್ಕಿಂತ ಹೆಚ್ಚಾಗಿ ನಿಧನ ವಾರ್ತೆ. ಯಾರು ತೀರಿಕೊಂಡರು, ಮಣ್ಣು ಎಷ್ಟು ಗಂಟೆಗೆ, ಎಲ್ಲಿಂದ ಹೊರಡುತ್ತದೆ.

ಪಟ್ಟಿ ಎರಡು ಭಾಷೆಯಲ್ಲಿ ಓಡಬೇಕಿತ್ತು. ಲೋಂಡಾ ಇರುವ ಖಾನಾಪುರ ತಾಲ್ಲೂಕು ಕನ್ನಡ, ಮರಾಠಿ, ಕೊಂಕಣಿ ಮೂರನ್ನೂ ಒಂದೇ ಬಾಯಲ್ಲಿ ಆಡುವ ಸೀಮೆ. ಕನ್ನಡಕ್ಕೆ ಬರಹ ಎಂಬ ತಂತ್ರಾಂಶ, ಆಮೇಲೆ ನುಡಿ. ಮರಾಠಿಗೆ ಪುಣೆಯಿಂದ ಬಂದ ಶ್ರೀಲಿಪಿ. ಒಂದು ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಇನ್ನೊಂದರಲ್ಲಿ ತೆರೆದರೆ ಅಕ್ಷರವೆಲ್ಲ ಜೇಡರ ಹುಳುವಿನಂತೆ ಕಾಲು ಚಾಚುತ್ತಿತ್ತು. ಅದರಿಂದ ಪ್ರತಿ ಸುದ್ದಿಯನ್ನೂ ಎರಡೆರಡು ಸಲ ಹೊಸದಾಗಿ ಟೈಪ್ ಮಾಡುತ್ತಿದ್ದರು. ಮೊದಲು ಯಾವ ಭಾಷೆ ಓಡಬೇಕು? ಗಡಿನಾಡಿನಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. 1967ರ ಮಹಾಜನ ವರದಿಯೂ ಮುಗಿಸದ ಗಡಿ ಜಗಳ ಇನ್ನೂ ಸುಪ್ರೀಂ ಕೋರ್ಟಿನಲ್ಲಿದೆ. ಬೆಳಗಾವಿಯಲ್ಲಿ ಅಂಗಡಿ ಬೋರ್ಡಿನ ಅಕ್ಷರಕ್ಕೂ ಜಗಳವಾದದ್ದುಂಟು. ಮಾಮಾನ ಕಾನೂನು ಸರಳವಿತ್ತು. "ಸತ್ತವರ ಮನಿಯವರು ಯಾವ ಭಾಷಾದಾಗ ಅಳ್ತಾರೋ ಆ ಭಾಷಾ ಮೊದಲ. ಎಮ್ಮಿ ಕಳದ್ರ ಎಮ್ಮಿ ಮಾಲಕನ ಭಾಷಾ. ಕರೆಂಟಿಂದು ಸರಕಾರದ್ದು, ಅದು ಕನ್ನಡ ಮೊದಲ." ಹದಿನಾಲ್ಕು ವರ್ಷದಲ್ಲಿ ಒಬ್ಬರೂ ತಕರಾರು ತೆಗೆಯಲಿಲ್ಲವಂತೆ. ನಂಬಬೇಕೋ ಬಿಡಬೇಕೋ ನನಗೆ ತಿಳಿಯಲಿಲ್ಲ. ಒಳಗಿನಿಂದ ಚಹಾ ತಂದ ಅವರ ಮನೆಯವರು ಮಾತ್ರ, "ಎರಡು ಸಲ ಆಗಿತ್ತು, ನೆನಪ ಹಾರ್ಯಾರ" ಅಂದರು.

ಮಾಮಾ ಹೇಳಿದ ಇತಿಹಾಸ ಚುಟುಕಾಗಿದೆ. ಲೋಂಡಾಕ್ಕೆ ಮೊದಲು ಬಂದದ್ದು ರೈಲು, ಹತ್ತೊಂಬತ್ತನೇ ಶತಮಾನದ ಕೊನೆಗೆ. ಟಿವಿ ಬಂದದ್ದು ಬಹಳ ತಡವಾಗಿ. ರಾಜ್ಯದಲ್ಲಿ 1977ರಲ್ಲಿ ಕಲಬುರಗಿಯ ದೂರದರ್ಶನ ಕೇಂದ್ರ ಬಂತು, 1981ರ ನವೆಂಬರ್ ಒಂದಕ್ಕೆ ಬೆಂಗಳೂರು. ಈ ಕಾಡಿನ ಅಂಚಿಗೆ ಅವೆರಡೂ ಕಿವಿಗೆ ಬಿದ್ದ ಸುದ್ದಿಗಳಷ್ಟೇ. ಊರಿಗೆ ಸುದ್ದಿ ಹೇಳುತ್ತಿದ್ದುದು 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ. ಉದಯ ಟಿವಿ 1994ರಲ್ಲಿ ಬಂದ ಮೇಲೆ ಮಾಮಾ ಒಂದು ದೊಡ್ಡ ಡಿಶ್ ಛತ್ರಿ ತಂದು ಮಾಡಿನ ಪಕ್ಕ ನಿಲ್ಲಿಸಿದರು. ಒಂದೊಂದು ಚಾನೆಲ್ಲಿಗೆ ಒಂದೊಂದು ಮಾಡ್ಯುಲೇಟರ್, ಅಲ್ಲಿಂದ ಕಂಬದಿಂದ ಕಂಬಕ್ಕೆ ವೈರು, ನಡುನಡುವೆ ಆಂಪ್ಲಿಫೈಯರ್. ಕಾಲೊನಿಯ ಕೊನೆಯ ಮನೆಗೆ ಬರುವಷ್ಟರಲ್ಲಿ ಚಿತ್ರದ ತುಂಬ ಹಿಮ ಬೀಳುತ್ತಿತ್ತು. ಮಳೆಗಾಲದಲ್ಲಂತೂ ಹೇಳುವುದೇ ಬೇಡ. ಒಂದು ತೇಗದ ಟೊಂಗೆ ಮುರಿದು ಬಿದ್ದರೆ ಅರ್ಧ ಊರಿನ ಧಾರಾವಾಹಿ ನಿಲ್ಲುತ್ತಿತ್ತು.

ಒಂದು ಮಾಡ್ಯುಲೇಟರ್ ಖಾಲಿ ಇತ್ತು. ಲೋಕಲ್ ಚಾನೆಲ್ ಹುಟ್ಟಿದ್ದು ಅದರಲ್ಲಿ. ಹಗಲು ಭಜನೆ, ಮಧ್ಯಾಹ್ನ ಹಳೆಯ ಸಿನಿಮಾ, ಗಣಪತಿ ಹಬ್ಬದಲ್ಲಿ ವಿಸರ್ಜನೆಯ ಮೆರವಣಿಗೆ, ರಾತ್ರಿ ಎಂಟಕ್ಕೆ ಬೆಳಗಾವಿಯ ಸುದ್ದಿ. ಬೆಳಗಾವಿಯ ಒಂದು ಕೇಬಲ್ ಚಾನೆಲ್ ಕನ್ನಡ, ಮರಾಠಿ ಎರಡರಲ್ಲೂ ಬುಲೆಟಿನ್ ಮಾಡುತ್ತಿತ್ತು. ಅದರ ಕ್ಯಾಸೆಟ್ ಲೋಂಡಾಕ್ಕೆ ರೈಲಿನಲ್ಲಿ ಬರುತ್ತಿತ್ತು. ಸ್ಟೇಶನ್ನಿನಲ್ಲಿ ಕಾದು ಇಸಿದುಕೊಂಡು, ಸೈಕಲ್ಲಿನಲ್ಲಿ ತಂದು ವಿಸಿಆರ್‌ಗೆ ತುರುಕಿದರೆ ಸುದ್ದಿ ಶುರು. ಗಾಡಿ ತಡವಾದರೆ ಸುದ್ದಿಯೂ ತಡ. ಅಂಥ ದಿನ ಪಟ್ಟಿಯಲ್ಲಿ "ಸುದ್ದಿ ಇನ್ನೂ ಖಾನಾಪುರದಲ್ಲಿದೆ" ಎಂದು ಓಡಿಸುತ್ತಿದ್ದರಂತೆ.

ಇಲ್ಲಿನ ಸುದ್ದಿ ಹೊರಗೆ ಹೋದದ್ದೂ ರೈಲಿನಲ್ಲೇ. ಮಾಮಾ ಒಂದು ಮಿನಿ ಡಿವಿ ಕ್ಯಾಮೆರಾ ಕೊಂಡು ಬೆಂಗಳೂರಿನ ಚಾನೆಲ್ಲುಗಳಿಗೆ ಸ್ಟ್ರಿಂಗರ್ ಆದರು. ಸುದ್ದಿಗಿಷ್ಟು ಎಂದು ದುಡ್ಡು, ಸಂಬಳವಿಲ್ಲ. ಚಿತ್ರ ತೆಗೆದು, ಹಾಳೆಯ ಮೇಲೆ ವಿವರ ಬರೆದು, ಕ್ಯಾಸೆಟ್ಟಿಗೆ ಸುತ್ತಿ ರಬ್ಬರ್ ಹಾಕಿ ರಾತ್ರಿಯ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಗುರುತಿನವರ ಕೈಗೆ ಕೊಟ್ಟರೆ ಬೆಳಿಗ್ಗೆ ಬೆಂಗಳೂರು. ಕಣಕುಂಬಿಯ ಕಳಸಾ ನಾಲೆ, ಮಳೆಗಾಲದಲ್ಲಿ ಜಗತ್ತಿನಿಂದ ಕಡಿದುಹೋಗುವ ಭೀಮಗಡ ಕಾಡಿನ ಹಳ್ಳಿಗಳು, ಹೊಳೆಗೆ ಅಡ್ಡ ಹಾಕಿದ ಕಟ್ಟಿಗೆಯ ಸಂಕದ ಮೇಲೆ ಬಾಣಂತಿಯನ್ನು ಹೊತ್ತು ದಾಟಿಸುವ ಜನ, ಎಲ್ಲವೂ ಆ ರಬ್ಬರಿನಡಿ ಹೋದವು. ಎಷ್ಟು ತೋರಿಸಿದರು, ಎಷ್ಟು ಎಸೆದರು ಎಂದು ಕೇಳಿದೆ. "ಅದನ್ನ ಲೆಕ್ಕ ಇಟ್ಟಿದ್ರ ಮೊದಲನೇ ವರ್ಷಾನ ಬಿಡ್ತಿದ್ದೆ."

ಬದಲಾವಣೆ ಮೇಲಿನಿಂದಲೂ ಬಂತು, ಕೆಳಗಿನಿಂದಲೂ ಬಂತು. ಟಿವಿ9 2006ರಲ್ಲಿ, ಪಬ್ಲಿಕ್ ಟಿವಿ 2012ರಲ್ಲಿ ಬಂದು, ಸುದ್ದಿ ಇಪ್ಪತ್ನಾಲ್ಕು ಗಂಟೆಯದಾಯಿತು. ಮೊದಮೊದಲು ಸ್ಟ್ರಿಂಗರ್‌ಗಳಿಗೆ ಸುಗ್ಗಿ. ಆಮೇಲೆ ಸ್ಟುಡಿಯೋದ ಚರ್ಚೆ ಅಗ್ಗವೆಂದು ಕಂಡಿತು. ನಾಲ್ಕು ಜನರನ್ನು ಕೂರಿಸಿದರೆ ಒಂದು ತಾಸು ಸಾಗುತ್ತದೆ, ಲೋಂಡಾಕ್ಕೆ ಯಾರು ಬರುತ್ತಾರೆ? ಉದಯ ನ್ಯೂಸ್ 2017ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿತು. ಪವರ್ ಟಿವಿ 2023ರ ಜುಲೈನಲ್ಲಿ ಸೌಂದರ್ಯಾ ಎಂಬ ಕೃತಕ ಬುದ್ಧಿಮತ್ತೆಯ ವಾಚಕಿಯನ್ನು ಕೂರಿಸಿತು. ಈಗ ಚಾನೆಲ್ಲುಗಳ ದೊಡ್ಡ ಗಾಡಿಗಳು ಈ ಕಡೆ ಬರುವುದು ಬಹುತೇಕ ಡಿಸೆಂಬರಿನಲ್ಲಿ, ಬೆಳಗಾವಿಯ ಸುವರ್ಣ ವಿಧಾನಸೌಧದ ಅಧಿವೇಶನಕ್ಕೆ. ಹತ್ತು ದಿನ ಇದ್ದು, ಕುಂದಾ, ಕರದಂಟು ಕಟ್ಟಿಸಿಕೊಂಡು ವಾಪಸ್ ಹೋಗುತ್ತವೆ. ಮಳೆಗಾಲದಲ್ಲಿ ಬರುವುದು ಅಪಘಾತವಾದಾಗ. 2021ರ ಜುಲೈನಲ್ಲಿ ದೂಧಸಾಗರದ ಹತ್ತಿರ ಮಂಗಳೂರು–ಮುಂಬಯಿ ಗಾಡಿಯ ಮೇಲೆ ಗುಡ್ಡ ಕುಸಿದಿತ್ತು. ಅಂದು ಲೋಂಡಾದ ಹೆಸರು ಪರದೆಯ ಮೇಲೆ ಬಂತು.

ಮಾಮಾನ ಚಾನೆಲ್ಲನ್ನು ನಿಲ್ಲಿಸಿದ್ದು ಸೆಟ್ ಟಾಪ್ ಬಾಕ್ಸ್. ಕೇಬಲ್ ಡಿಜಿಟಲೀಕರಣದ ಕೊನೆಯ ಹಂತದ ಗಡುವು 2017ರ ಮಾರ್ಚ್ 31. ಆ ಹೊತ್ತಿಗೆ ಮಾಡ್ಯುಲೇಟರ್‌ಗಳೆಲ್ಲ ಗುಜರಿಗೆ ಹೋದವು. ಸಿಗ್ನಲ್ ಈಗ ದೊಡ್ಡ ಕಂಪನಿಯ ಹೆಡ್‌ಎಂಡ್‌ನಿಂದ ಫೈಬರಿನಲ್ಲಿ ಬರುತ್ತದೆ, ನಡುವೆ ಕೈ ಹಾಕಲು ಖಾಲಿ ಜಾಗವಿಲ್ಲ. 2019ರ ಫೆಬ್ರುವರಿಯಿಂದ ಹೊಸ ದರ ಪದ್ಧತಿ ಬಂತು. ಆಗ ನೂರು ಚಾನೆಲ್ಲಿಗೆ 130 ರೂಪಾಯಿ ಇತ್ತು, ಮೇಲೆ ತೆರಿಗೆ, ಬೇಕಾದ ಪೇ ಚಾನೆಲ್ಲಿಗೆ ಬೇರೆ. ಅರ್ಧ ಗಿರಾಕಿಗಳು ಆ ಲೆಕ್ಕ ಕೇಳಿಯೇ ಡಿಟಿಎಚ್ ಹಾಕಿಸಿಕೊಂಡರು. ಲೋಕಲ್ ಚಾನೆಲ್ಲುಗಳಿಗೆಂದು ಕೇಂದ್ರ ಸರ್ಕಾರ 2022ರ ನವೆಂಬರಿನಲ್ಲಿ ನಿಯಮ ತಂದಿತು. ನೋಂದಣಿಗೆ ಸಾವಿರ ರೂಪಾಯಿ, ಜಿಲ್ಲೆಯ ಮಟ್ಟದಲ್ಲಿ ಎರಡು ಚಾನೆಲ್ ಹೆಚ್ಚುವರಿ. ಸ್ಥಳೀಯ ಸುದ್ದಿ ಕೊಡುವುದಾದರೆ ಮಾತ್ರ ಕಂಪನಿಯಾಗಿರಲೇಬೇಕು. ಶುಲ್ಕ ದುಬಾರಿಯಲ್ಲ, ಒಪ್ಪೋಣ. ಆದರೆ ಎಮ್ಮೆ ಕಳೆದದ್ದನ್ನು ಹೇಳಲು ಕಂಪನಿ ಕಟ್ಟುವವರು ಯಾರು?

ಕ್ಯಾಸೆಟ್ ಕಳಿಸುತ್ತಿದ್ದ ಬೆಳಗಾವಿಯ ಆ ಚಾನೆಲ್ಲಿನಲ್ಲೂ ಮೊದಲಿನ ಜನ ಇಲ್ಲ. ಕನ್ನಡ ಓದುವವರೊಬ್ಬರು, ಮರಾಠಿಗೆ ಒಬ್ಬರು, ಎರಡು ಕ್ಯಾಮೆರಾ, ಒಬ್ಬ ಎಡಿಟರ್, ಜಾಹೀರಾತಿಗೆ ಸುತ್ತುವ ಹುಡುಗ, ಇಷ್ಟಿದ್ದ ಕಡೆ ಈಗ ಒಬ್ಬನೇ ಫೋನಿನಲ್ಲಿ ಚಿತ್ರ ತೆಗೆದು, ಫೋನಿನಲ್ಲೇ ಕತ್ತರಿಸಿ, ಧ್ವನಿ ಕೊಟ್ಟು ಯೂಟ್ಯೂಬಿಗೆ ಹಾಕುತ್ತಾನೆ. ಮರಾಠಿ ಓದುತ್ತಿದ್ದಾಕೆ ಈಗ ಮನೆಯಲ್ಲಿ ಟ್ಯೂಷನ್ ಹೇಳುತ್ತಾರೆ. ಅಭ್ಯಾಸಬಲದಿಂದ ಈಗಲೂ ಪಾಠ ಮುಗಿಸುವಾಗ "ನಮಸ್ಕಾರ" ಅನ್ನುತ್ತಾರೆಂದು ಮಾಮಾ ಹೇಳಿದರು. ಆಕೆಯನ್ನು ಕಾಣಬೇಕೆಂದುಕೊಂಡೆ, ಆಗಲಿಲ್ಲ.

ಮಾತಾಡುತ್ತಿದ್ದಂತೆ ಮಾಮಾನಿಗೆ ಫೋನ್ ಬಂತು. ಕಾಲೊನಿಯಲ್ಲಿ ನಿವೃತ್ತ ಗಾರ್ಡ್ ಒಬ್ಬರು ತೀರಿಕೊಂಡಿದ್ದರು. ಗ್ರೂಪಿಗೆ ಹಾಕಿ ಅಂದರು ಆ ಕಡೆಯವರು. ಮಾಮಾ ಹಳೆಯ ರೂಢಿಯಂತೆ, "ಯಾವ ಭಾಷಾ ಮೊದಲ ಹಾಕಲಿ?" ಎಂದು ಕೇಳಿದರು. "ಯಾವುದರೆ ಹಾಕ್ರಿ ಮಾಮಾ, ವಾಟ್ಸಾಪ್ ಐತಲ್ಲ" ಎಂದಿತು ದನಿ. ಕನ್ನಡಕ ಹಣೆಗೇರಿಸಿ, ಒಂದೇ ಬೆರಳಿನಲ್ಲಿ, ಎರಡೂ ಲಿಪಿಯಲ್ಲಿ ಟೈಪ್ ಮಾಡಿದರು. ಕಳಿಸಿದ ಮೇಲೂ ಸ್ವಲ್ಪ ಹೊತ್ತು ನೋಡುತ್ತಿದ್ದರು. ಸಾಲು ಓಡುವುದಿಲ್ಲವಲ್ಲ, ನಿಂತೇ ಇರುತ್ತದೆ.

ಎದುರು ಮನೆಯ ಆಯಿ ಕಟ್ಟೆಯ ಮೇಲೆ ಕೂತಿದ್ದಳು. ಅವಳ ಬೆನ್ನ ಹಿಂದೆ ಟಿವಿಯಲ್ಲಿ ಬೆಂಗಳೂರಿನ ಟ್ರಾಫಿಕ್ ಬಗ್ಗೆ ಜೋರು ಚರ್ಚೆ. ಓಣಿಯಲ್ಲಿ ಇಬ್ಬರು ಅವಸರದಿಂದ ಕಾಲೊನಿಯತ್ತ ಹೋದದ್ದು ಅವಳ ಕಣ್ಣಿಗೆ ಬಿದ್ದಿತ್ತು.

"ಯಾರು ಹೋದ್ರೋ? ಟೀವ್ಯಾಗೇನೂ ಬರಲಿಲ್ಲಲ್ಲ" ಎಂದು ಕೂಗಿ ಕೇಳಿದಳು.

ಅವಳ ಹತ್ತಿರ ಫೋನಿಲ್ಲ. ಮಾಮಾ ಎದ್ದು, ಬಾಗಿಲ ಬಳಿ ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಹೇಳಿ ಬರಲು ಓಣಿ ದಾಟಿದರು.